ಫ್ಲೆಕ್ಸ್ ಕೆಟ್ಟು ಬಂತಾ? ಮಿಷಿನ್ ಬೈಯುವ ಮೊದಲು ಫೈಲ್ ನೋಡಿ

ಮಡಿಕೇರಿ ದಸರಾ, ಕಾವೇರಿ ಸಂಕ್ರಮಣ, ಪುತ್ತರಿ ಸಾಲಾಗಿ ಬರುವ ತಿಂಗಳುಗಳಲ್ಲಿ ಕೊಡಗಿನ ಪ್ರಿಂಟಿಂಗ್ ಅಂಗಡಿಗಳಲ್ಲಿ ಕೇಳುವ ಜಗಳ ಒಂದೇ. "ಮಿಷಿನ್ ಸರಿ ಇಲ್ಲ" ಅಂತ ಗಿರಾಕಿ, "ಫೈಲ್ ಸರಿ ಇಲ್ಲ" ಅಂತ ಅಂಗಡಿಯವರು. ಬಹಳ ಸಲ ಅಂಗಡಿಯವರ ಮಾತೇ ನಿಜ. ಆದರೆ ಫೈಲಿನಲ್ಲಿ ಏನು ಸರಿ ಇಲ್ಲ ಅನ್ನುವುದನ್ನು ಬಿಡಿಸಿ ಹೇಳುವಷ್ಟು ಹೊತ್ತು ಆ ಸೀಸನ್‌ನಲ್ಲಿ ಅವರಿಗೆ ಇರುವುದಿಲ್ಲ.

ಅದಕ್ಕೇ ಇದನ್ನು ಕಣ್ಣಿಗೆ ಕಾಣುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ನಿಮ್ಮ ಬ್ಯಾನರ್‌ನಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಿ. ಪ್ರತಿ ಕಡೆಯೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಯಾವ ದೋಷವಾದರೂ ಮೊದಲು ಈ ಎರಡು ಪರೀಕ್ಷೆ

ಒಂದು, ತುಂಡು ಪ್ರಿಂಟ್. ಡಿಸೈನ್‌ನ ಮುಖ್ಯ ಜಾಗದಿಂದ, ಅಂದರೆ ಮುಖ ಇರುವ ಕಡೆ ಅಥವಾ ಸಣ್ಣ ಅಕ್ಷರ ಇರುವ ಕಡೆಯಿಂದ, ಎ4 ಹಾಳೆಯಷ್ಟು ಭಾಗ ಕತ್ತರಿಸಿ. ಪೂರ್ತಿ ಅಳತೆಯಲ್ಲೇ, ಹಾಳೆಗೆ ಹೊಂದುವಂತೆ ಕುಗ್ಗಿಸದೆ, ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ. ಗೋಡೆಗೆ ಅಂಟಿಸಿ, ಬ್ಯಾನರನ್ನು ಜನ ಎಷ್ಟು ದೂರದಿಂದ ನೋಡುತ್ತಾರೋ ಅಷ್ಟು ದೂರ ನಿಂತು ನೋಡಿ. ಅಲ್ಲಿ ಮಸುಕಾಗಿ ಕಂಡರೆ ಫ್ಲೆಕ್ಸ್‌ನಲ್ಲೂ ಮಸುಕೇ. ಬಣ್ಣವನ್ನು ಮಾತ್ರ ಈ ಪ್ರಿಂಟ್ ನೋಡಿ ತೀರ್ಮಾನಿಸಬೇಡಿ, ಎರಡೂ ಮಿಷಿನ್‌ಗಳ ಶಾಯಿ ಬೇರೆ.

ಎರಡು, ಅಂಗಡಿಗೆ ಕಳಿಸಿದ ಅದೇ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ. ನಿಮ್ಮ ಡಿಸೈನ್ ತಯಾರಾದ ಕಂಪ್ಯೂಟರ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಫಾಂಟೂ ಇದೆ, ಫೋಟೋ ಫೋಲ್ಡರೂ ಇದೆ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಅರ್ಧ ದೋಷಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಲಕ್ಷಣ: ಕನ್ನಡ ಅಕ್ಷರ ಒಡೆದಿದೆ, ಒತ್ತಕ್ಷರ ಪಕ್ಕಕ್ಕೆ ಬಂದಿದೆ

ನಮ್ಮ ಕಡೆ ಅತಿ ಹೆಚ್ಚು ಬ್ಯಾನರ್ ಹಾಳಾಗುವುದು ಇದರಿಂದಲೇ. ಇದರಲ್ಲೂ ಮೂರ್ನಾಲ್ಕು ಬಗೆ ಇದೆ. ಒಂದೊಂದರ ಕಾರಣ ಬೇರೆ, ಹಾಗಾಗಿ ಅಕ್ಷರ ಹೇಗೆ ಒಡೆದಿದೆ ಅಂತ ಹತ್ತಿರದಿಂದ ನೋಡಿ.

"ಹಾರ್ದಿಕ ಸ್ವಾಗತ" ಅನ್ನುವುದು "ಹಾರ್‌ದಿಕ ಸ್‌ವಾಗತ" ಆಗಿದ್ದರೆ, ಅಂದರೆ ಒತ್ತು ಕೆಳಗೆ ಇಳಿಯದೆ, ಅರ್ಕಾವತ್ತು ಹಿಂದಕ್ಕೆ ಹೋಗದೆ ನಿಂತಿದ್ದರೆ, ಫಾಂಟ್ ತಪ್ಪಲ್ಲ. ಸಾಫ್ಟ್‌ವೇರ್ ಯೂನಿಕೋಡ್ ಕನ್ನಡವನ್ನು (ಫೋನು, ಇಂಟರ್ನೆಟ್ಟಿನಲ್ಲಿ ಬಳಸುವ ಕನ್ನಡ) ಜೋಡಿಸುತ್ತಿಲ್ಲ ಅಂತ ಅರ್ಥ. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸ್ ಒಳಗೆ ಟೈಪ್‌ಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಅದೇ ಜಾಗದಲ್ಲಿ ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷಿಯನ್ ಅಂತ ಇರುತ್ತದೆ. ಆಮೇಲೆ ಹೊಸ ಟೆಕ್ಸ್ಟ್ ಲೇಯರ್ ಮಾಡಿ ಮತ್ತೆ ಅಂಟಿಸಿ. ಹಳೆಯ ಲೇಯರ್ ತಾನಾಗಿ ಸರಿಹೋಗುತ್ತದೆ ಅಂತ ಕಾಯಬೇಡಿ. ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸ್‌ನಲ್ಲಿ ಶೋ ಇಂಡಿಕ್ ಆಪ್ಷನ್ಸ್‌ಗೆ ಟಿಕ್ ಹಾಕಿ ನೋಡಿ. ಹಳೆಯ ಕೋರಲ್ ಡ್ರಾದಲ್ಲಿ ಯೂನಿಕೋಡ್ ಕನ್ನಡ ಸರಿ ಬರದಿದ್ದರೆ ಗುದ್ದಾಡಬೇಡಿ. ಆ ಸಾಲನ್ನು ಸರಿಯಾಗಿ ತೋರಿಸುವ ಬೇರೆ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಅದನ್ನು ಕರ್ವ್ಸ್ ಆಗಿ, ಅಂದರೆ ಫಾಂಟ್ ಬೇಡದ ಗೆರೆಯ ಆಕಾರವಾಗಿ, ಇಂಪೋರ್ಟ್ ಮಾಡಿಕೊಳ್ಳಿ.

ಕನ್ನಡವೇ ಕಾಣದೆ, ಟೊಪ್ಪಿ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟ್. ಆ ಫಾಂಟ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಲ್ಲ. ಫಾಂಟ್ ಫೈಲ್ ಕಳಿಸಿದರೆ ಅಂದಿನ ಮಟ್ಟಿಗೆ ಕೆಲಸ ಆಗುತ್ತದೆ. ಆದರೆ ಗಟ್ಟಿ ದಾರಿ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಾಯಿಸಿ ಕಳಿಸುವುದು. ಕೋರಲ್‌ನಲ್ಲಿ ಅಕ್ಷರ ಆರಿಸಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಅದಕ್ಕೆ ಮೊದಲು ಟೈಪ್ ಇರುವ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಕರ್ವ್ಸ್ ಆದ ಮೇಲೆ "ಸಮಯ 10.30 ಅಲ್ಲ, 10 ಗಂಟೆ" ಅಂತ ಫೋನ್ ಬರುವುದು ಗ್ಯಾರಂಟಿ.

ಅಕ್ಷರ ಸರಿ ಇದೆ, ಒತ್ತು ಮಾತ್ರ ಅರ್ಧ ಇಂಚು ಪಕ್ಕಕ್ಕೆ ಸರಿದಿದೆ ಅಂದರೆ ಯಾರೋ ಸಾಲು ಉದ್ದ ಮಾಡಲು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದ್ದಾರೆ. ಆಸ್ಕಿ ಫಾಂಟ್‌ನಲ್ಲಿ ಒತ್ತು, ದೀರ್ಘ, ಗುಣಿತ ಬಹುಪಾಲು ಬಿಡಿ ಬಿಡಿ ತುಂಡು. ಅಂತರ ಕೊಟ್ಟರೆ ಅವು ದೂರ ಹೋಗುತ್ತವೆ. ಅಂತರ ಸೊನ್ನೆ ಮಾಡಿ, ಅಕ್ಷರದ ಗಾತ್ರ ಹೆಚ್ಚಿಸಿ.

ಇನ್ನೊಂದು ಸೂಕ್ಷ್ಮ ಇದೆ. ಕೊಡವರ ಹಬ್ಬದ ಹೆಸರನ್ನು ಕೈಲ್‌ಪೊಳ್ದ್ ಅಂತ ಟೈಪ್ ಮಾಡಿದ್ದು ಕೈಲ್ಪೊಳ್ದ್ ಅಂತ ಬರುತ್ತದೆ, ಪ ಹೋಗಿ ಲ ಕೆಳಗೆ ಕೂರುತ್ತದೆ. ಲ್ ಆದ ಮೇಲೆ ಒಂದು ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ, ಅದೇ ಆ ಎರಡನ್ನು ಬೇರೆ ಇಡುವುದು. ವಾಟ್ಸಾಪ್‌ನಿಂದ ಕಾಪಿ ಮಾಡಿ ಅಂಟಿಸುವಾಗ, ಫಾಂಟ್ ಕನ್ವರ್ಟರ್‌ಗೆ ಹಾಕುವಾಗ ಅದು ಬಿದ್ದುಹೋಗುತ್ತದೆ. ಕಾಪಿ ಬಿಟ್ಟು ಕೈಯಲ್ಲೇ ಟೈಪ್ ಮಾಡಿ.

ಅಕ್ಷರದ ಹೊಟ್ಟೆಯೊಳಗೆ ಬಿಳಿ ತೂತು ಬಂದಿದೆಯಾ? ಅಥವಾ ಬಾರ್ಡರ್ ಗೆರೆ ಅಕ್ಷರದ ಒಳಗೂ ಹಾದುಹೋಗಿದೆಯಾ? ಕರ್ವ್ಸ್ ಮಾಡಿದಾಗ ಮೂಲ ಅಕ್ಷರ, ಒತ್ತು, ಗುಣಿತ ಒಂದರ ಮೇಲೊಂದು ಕೂತಿರುತ್ತವೆ. ಅವನ್ನು ಕಂಬೈನ್ ಮಾಡಿದರೆ ಮೇಲೆ ಬಿದ್ದ ಜಾಗ ಖಾಲಿ ಆಗುತ್ತದೆ. ವೆಲ್ಡ್ ಮಾಡಬೇಕು, ಅಂದರೆ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಅದಕ್ಕೆ ಪಾತ್‌ಫೈಂಡರ್‌ನ ಯುನೈಟ್. ವೆಲ್ಡ್ ಆದ ಮೇಲಷ್ಟೇ ಬಾರ್ಡರ್, ನೆರಳು ಕೊಡಿ.

ಎಲ್ಲ ಸರಿಯಾದ ಮೇಲೂ ಮನೆತನದ ಹೆಸರನ್ನು ಆ ಒಕ್ಕದವರೇ ಒಬ್ಬರು ಓದಲಿ. ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಪಂದ್ಯಾವಳಿ "ಕುಟುಂಬ ಹಾಕಿ" 1997ರಲ್ಲಿ ಕರಡದಲ್ಲಿ ಶುರುವಾದದ್ದು. ಪ್ರತಿ ಸಲ ಬೇರೆ ಒಕ್ಕ ಹೊಣೆ ಹೊರುತ್ತದೆ, ಲೋಗೋ ಹೊಸದಾಗುತ್ತದೆ. ಹಿಂದಿನ ವರ್ಷದ ಫೈಲ್ ತೆಗೆದು ಹೆಸರು ಮಾತ್ರ ಬದಲಿಸುವ ಅಭ್ಯಾಸ ಎಲ್ಲರಿಗೂ ಇದೆ. ಮೂಲೆಯಲ್ಲಿ ಹಳೇ ಲೋಗೋ ಹಾಗೇ ಉಳಿದರೆ ಯಾವ ಸಾಫ್ಟ್‌ವೇರೂ ಎಚ್ಚರಿಸುವುದಿಲ್ಲ.

ಲಕ್ಷಣ: ಫೋಟೋ ಮಸುಕು, ಮುಖದ ಮೇಲೆ ಚೌಕ ಚೌಕ

"ಅಣ್ಣಾ, ಫೋಟೋ ವಾಟ್ಸಾಪ್ ಮಾಡಿದೀನಿ, ಅದನ್ನೇ ಹಾಕಿ." ದೋಷ ಇಲ್ಲೇ ಇದೆ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ, ಉದ್ದದ ಬದಿ 1600 ಪಿಕ್ಸೆಲ್‌ನ ಆಸುಪಾಸಿಗೆ ಬರುತ್ತದೆ. ಅದನ್ನು 10 ಅಡಿ ಅಗಲಕ್ಕೆ ಹಿಗ್ಗಿಸಿದರೆ 120 ಇಂಚಿಗೆ 1600 ಪಿಕ್ಸೆಲ್, ಅಂದರೆ ಇಂಚಿಗೆ 13. ಫೈಲಿನಲ್ಲಿ 72 ಅಥವಾ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅಂತ ಬರೆದಿದ್ದರೂ ಇರುವುದು 13 ಮಾತ್ರ. ಫೋಟೋಶಾಪ್‌ನಲ್ಲಿ ಸುಮ್ನೆ ಸಂಖ್ಯೆ ಏರಿಸಿದರೆ ಫೈಲ್ ಭಾರ ಆಗುತ್ತದೆ, ಮುಖ ಸ್ಪಷ್ಟ ಆಗುವುದಿಲ್ಲ.

ಎಷ್ಟು ಬೇಕು ಅಂತ ತಿಳಿಯಲು ಸುಲಭದ ಲೆಕ್ಕ ಇದೆ. ನೋಡುವ ದೂರವನ್ನು ಇಂಚಿನಲ್ಲಿ ಹಿಡಿದು 3438ನ್ನು ಅದರಿಂದ ಭಾಗಿಸಿ. ಬಂದದ್ದು ಸಾಧಾರಣ ಕಣ್ಣಿಗೆ ಬೇಕಾಗುವ ಪಿಕ್ಸೆಲ್, ಇಂಚಿಗೆ. 3 ಅಡಿ ದೂರದಿಂದ ನೋಡುವ ಹೋಂಸ್ಟೇ ದರಪಟ್ಟಿಗೆ ಸುಮಾರು 95. 10 ಅಡಿಯಿಂದ ನೋಡುವ ಸ್ವಾಗತ ಬ್ಯಾನರ್‌ಗೆ 29. ರಸ್ತೆಯಾಚೆ 20 ಅಡಿಯಿಂದ ನೋಡುವುದಕ್ಕೆ 14. ನಾನಾದರೆ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಜನ ಬ್ಯಾನರ್ ಪಕ್ಕ ನಿಂತೇ ಸೆಲ್ಫಿ ತೆಗೆಯುವುದು. 10x8 ಅಡಿಗೆ ಪೂರ್ತಿ ಅಳತೆಯಲ್ಲಿ 72 ಇದ್ದರೆ ಧಾರಾಳ ಆಯಿತು.

ಮಾಡಬೇಕಾದ್ದು ಇಷ್ಟೇ. ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಡ್ರೈವ್‌ನಲ್ಲಿ ಹಾಕಿಸಿ. ಫೇಸ್‌ಬುಕ್‌ನಿಂದ ಇಳಿಸಿದ್ದು, ಸ್ಕ್ರೀನ್‌ಶಾಟ್, ಹಳೇ ಬ್ಯಾನರ್‌ನ ಫೋಟೋ ಇವು ಬೇಡ. ಮೂಲ ಸಿಗಲೇ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ, ಡಿಸೈನ್ ಬದಲಿಸಿ. ಮುಖವನ್ನು ಎರಡು ಅಡಿಗೆ ಇಳಿಸಿ, ಅಕ್ಷರ ದೊಡ್ಡದು ಮಾಡಿ. ಎಐ ಬಳಸಿ ಫೋಟೋ ಹಿಗ್ಗಿಸುವವರು ಈಗ ಜಾಸ್ತಿ. ಬೆಟ್ಟ, ಕಾಫಿ ಗಿಡಕ್ಕೆ ಪರವಾಗಿಲ್ಲ. ಮುಖಕ್ಕೆ ಬೇಡ, ಕಣ್ಣು ಹಲ್ಲು ಬೇರೆ ಯಾರದೋ ಆಗಿಬಿಡುತ್ತವೆ. ಶ್ರದ್ಧಾಂಜಲಿ ಬ್ಯಾನರ್‌ನಲ್ಲಿ ಹಾಗಾದರೆ ಮನೆಯವರಿಗೆ ಏನನಿಸುತ್ತದೆ ಹೇಳಿ.

ಲಕ್ಷಣ: ಪರದೆ ಮೇಲೆ ಕಂಡ ಬಣ್ಣ ಬರಲಿಲ್ಲ

ಮೊದಲು ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಹೋಲಿಸಿ. ವ್ಯತ್ಯಾಸ ಅಲ್ಲೇ ಸ್ವಲ್ಪ ಕಡಿಮೆ ಆಗುತ್ತದೆ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಫ್ಲೆಕ್ಸ್ ಶಾಯಿಯಿಂದ. ಚಿಗುರೆಲೆಯಂಥ ಮಿಂಚುವ ಹಸಿರು, ಉರಿಯುವ ಕಿತ್ತಳೆ ನಾಲ್ಕು ಬಣ್ಣದ ಶಾಯಿಯಲ್ಲಿ ಬರುವುದೇ ಇಲ್ಲ. ಫೈಲನ್ನು ಸಿಎಂವೈಕೆಗೆ (ಸಯಾನ್, ಮೆಜೆಂಟಾ, ಯೆಲ್ಲೋ, ಬ್ಲ್ಯಾಕ್ ಅನ್ನುವ ಆ ನಾಲ್ಕು ಶಾಯಿಯ ಲೆಕ್ಕಕ್ಕೆ) ಬದಲಿಸಿದ ಕೂಡಲೇ ಆ ಬಣ್ಣ ಮಂಕಾಗುತ್ತದಲ್ಲ, ಅದೇ ನಿಜವಾದ ಬಣ್ಣ.

ನೀಲಿ ಹೋಗಿ ನೇರಳೆ ಆಗಿದ್ದರೆ ಅದರಲ್ಲಿ ಸಯಾನ್‌ಗೆ ಸಮಸಮ ಮೆಜೆಂಟಾ ಇದೆ. ಸಯಾನ್ 100 ಇದ್ದರೆ ಮೆಜೆಂಟಾ 70ಕ್ಕೆ ಇಳಿಸಿ.

ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ಹೀಗೆ ನೋಡಿ. ಪುತ್ತರಿ ಬ್ಯಾನರ್‌ನಲ್ಲಿ ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟವರ ಫೋಟೋ ಇದೆ, ಹಿನ್ನೆಲೆಯೂ ಕಪ್ಪು. ಕುಪ್ಯ ಗಾಢವಾಗಿ ಬಂದು ಹಿನ್ನೆಲೆ ಮಾತ್ರ ಬೂದಿಯಾಗಿದ್ದರೆ ಮಿಷಿನ್‌ನಲ್ಲಿ ದೋಷ ಇಲ್ಲ. ಫೋಟೋದ ಕಪ್ಪಿನಲ್ಲಿ ನಾಲ್ಕೂ ಶಾಯಿ ಇದೆ, ಹಿನ್ನೆಲೆಯಲ್ಲಿ ಬರೀ ಬ್ಲ್ಯಾಕ್ 100 ಇದೆ. ಹಿನ್ನೆಲೆಗೆ ಸಯಾನ್ 60, ಮೆಜೆಂಟಾ 40, ಯೆಲ್ಲೋ 40, ಬ್ಲ್ಯಾಕ್ 100 ಕೊಡಿ. ಸಣ್ಣ ಅಕ್ಷರಗಳಿಗೆ ಮಾತ್ರ ಬರೀ ಬ್ಲ್ಯಾಕ್ ಇರಲಿ. ನಾಲ್ಕು ಶಾಯಿ ಕೂದಲೆಳೆಯಷ್ಟು ಅತ್ತಿತ್ತ ಆದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬರುತ್ತದೆ.

ಮದುವೆ ಬ್ಯಾನರ್‌ನಲ್ಲಿ ಮದುಮಗನ ಬಿಳಿ ಕುಪ್ಯ ಒಳ್ಳೆಯ ಅಳತೆಗೋಲು. ಅದು ಗುಲಾಬಿಗೋ ನೀಲಿಗೋ ತಿರುಗಿದ್ದರೆ ಮೂಲ ಫೋಟೋ ನೋಡಿ. ಅಲ್ಲೂ ಹಾಗೇ ಇದ್ದರೆ ಫೋಟೋ ತಿದ್ದಬೇಕು. ಅಲ್ಲಿ ಸರಿ ಇದ್ದು ಪ್ರಿಂಟ್‌ನಲ್ಲಿ ಮಾತ್ರ ತಿರುಗಿದ್ದರೆ ಅಂಗಡಿಯವರ ಪ್ರೊಫೈಲ್ (ಮಿಷಿನ್ನಿನ ಬಣ್ಣದ ಸೆಟ್ಟಿಂಗ್) ಕಡೆ ಬೆರಳು ತೋರಿಸಬಹುದು. ಸಂಸ್ಥೆಯ ಲೋಗೋ ಬಣ್ಣ ಹಾಗೇ ಬರಲೇಬೇಕು ಅಂದರೆ ಕಾಸು ಕೊಟ್ಟು ಒಂದು ಅಡಿ ಸ್ಯಾಂಪಲ್ ತೆಗೆಸಿ. ಬೇರೆ ದಾರಿ ಇಲ್ಲ.

ಲಕ್ಷಣ: ಅಳತೆ ತಪ್ಪಿದೆ, ಮುಖ ಊದಿಕೊಂಡಿದೆ, ಅಂಚಿನ ಅಕ್ಷರ ಕತ್ತರಿಸಿದೆ

ಲೋಗೋದಲ್ಲಿ ಇರುವ ಒಂದು ವೃತ್ತವನ್ನು ಟೇಪ್ ಹಿಡಿದು ಅಡ್ಡ, ಉದ್ದ ಅಳೆಯಿರಿ. ಫೈಲಿನಲ್ಲಿ ಗುಂಡಗಿದ್ದು ಪ್ರಿಂಟ್‌ನಲ್ಲಿ ಮೊಟ್ಟೆಯಾಗಿದ್ದರೆ ಅಂಗಡಿಯಲ್ಲಿ ಎಳೆದಿದ್ದಾರೆ. ಯಾಕೆ ಎಳೆದರು? ನೀವು ಹೇಳಿದ ಅಳತೆ ಒಂದು, ಫೈಲಿನ ಅಳತೆ ಇನ್ನೊಂದು. ಎಸ್ಟೇಟ್ ಗೇಟಿನ ಕಬ್ಬಿಣದ ಫ್ರೇಮ್ ಇದ್ದರೆ "ಹತ್ತಡಿ ಇರ್ಬೇಕು" ಅನ್ನುವ ಮಾತು ನಂಬಬೇಡಿ, ಹೋಗಿ ಅಳೆಯಿರಿ. ಅಡ್ಡ ಮೊದಲು, ಎತ್ತರ ಆಮೇಲೆ, ಅಡಿಯೋ ಇಂಚೋ ಅಂತ ಸೇರಿಸಿ ಫೈಲಿನ ಹೆಸರಿನಲ್ಲೇ ಬರೆಯಿರಿ.

ರೋಲ್ ಓಡುವ ದಿಕ್ಕಿನಲ್ಲಿ ಮಾತ್ರ ಇಂಚು ಎರಡಿಂಚು ವ್ಯತ್ಯಾಸ ಇದ್ದರೆ ಅದು ಮಿಷಿನ್‌ನ ಫೀಡ್ ವಿಷಯ, ಫೈಲ್ ಮುಟ್ಟಬೇಡಿ.

ದೊಡ್ಡ ಬ್ಯಾನರ್‌ಗೆ ಇನ್ನೊಂದು ತೊಡಕಿದೆ. ಅಕ್ರೋಬ್ಯಾಟ್ ಪಿಡಿಎಫ್ ಪುಟಕ್ಕೆ ಸಾಮಾನ್ಯ ಮಿತಿ 200 ಇಂಚು, ಅಂದರೆ 16 ಅಡಿ 8 ಇಂಚು. 20 ಅಡಿಯ ಬ್ಯಾನರ್ ಅದರೊಳಗೆ ಪೂರ್ತಿ ಅಳತೆಯಲ್ಲಿ ಕೂರುವುದಿಲ್ಲ. ಹತ್ತರಲ್ಲಿ ಒಂದು ಅಳತೆಗೆ ಮಾಡಿ, 24 ಇಂಚು ಆಗುತ್ತದೆ. ಆ ಅಳತೆಯಲ್ಲಿ ಫೋಟೋ 400 ಡಿಪಿಐ ಇದ್ದರೆ ದೊಡ್ಡದಾದಾಗ 40 ಉಳಿಯುತ್ತದೆ. "1ಕ್ಕೆ 10 ಹಿಗ್ಗಿಸಿ" ಅಂತ ಹೆಸರಿನಲ್ಲಿ ಬರೆಯದಿದ್ದರೆ ಎರಡಡಿಯ ಬ್ಯಾನರ್ ಕೈಗೆ ಬರುತ್ತದೆ. 3.2 ಮೀಟರ್ ಮಿಷಿನ್‌ಗಿಂತ ಅಡ್ಡ, ಎತ್ತರ ಎರಡೂ ದೊಡ್ಡದಾದರೆ ಜಾಯಿಂಟ್ ಬರುತ್ತದೆ. ಜಾಯಿಂಟ್ ಮುಖದ ಮೇಲೆ ಬರದ ಹಾಗೆ ಮೊದಲೇ ನೋಡಿಕೊಳ್ಳಿ.

ಅಂಚಿನಲ್ಲಿ ಮಡಿಕೆ, ಐಲೆಟ್ (ಹಗ್ಗ ಕಟ್ಟುವ ಲೋಹದ ಬಳೆ) ಬರುತ್ತವೆ. ಸುತ್ತ ಮೂರು ಇಂಚಿನೊಳಗೆ ಅಕ್ಷರ, ಲೋಗೋ ಇಡಬೇಡಿ. ಹಿನ್ನೆಲೆ ಬಣ್ಣ ಮಾತ್ರ ಕೊನೆಯ ತನಕ ಹೋಗಲಿ.

ಲಕ್ಷಣ: ಲೋಗೋ ಮಾಯ, ನೆರಳಿನ ಜಾಗದಲ್ಲಿ ಬಿಳಿ ಡಬ್ಬಿ

ಬಿಳಿ ಅಕ್ಷರ, ಬಿಳಿ ಲೋಗೋ ಮಾಯವಾದರೆ ಅದಕ್ಕೆ ಓವರ್‌ಪ್ರಿಂಟ್ ಆನ್ ಆಗಿದೆ (ಕೆಳಗಿನ ಬಣ್ಣವನ್ನು ತೆಗೆಯದೆ ಅದರ ಮೇಲೇ ಪ್ರಿಂಟ್ ಮಾಡುವ ಆಪ್ಷನ್), ತೆಗೆಯಿರಿ. ನೆರಳಿನ ಸುತ್ತ ಡಬ್ಬಿ ಬಂದರೆ ಸ್ಪಾಟ್ ಬಣ್ಣದ (ನಾಲ್ಕು ಶಾಯಿಗೆ ಹೊರತಾದ ವಿಶೇಷ ಬಣ್ಣದ) ಮೇಲೆ ಟ್ರಾನ್ಸ್‌ಪರೆನ್ಸಿ ಕೂತಿದೆ. ಬಣ್ಣವನ್ನು ಸಿಎಂವೈಕೆ ಮಾಡಿ, ಆ ಭಾಗವನ್ನು ಬಿಟ್‌ಮ್ಯಾಪ್ ಮಾಡಿ. ಪಿಡಿಎಫ್‌ನಲ್ಲಿ ತೆಳು ಬಿಳಿ ಗೆರೆ ಕಂಡರೆ ಹೆದರುವ ಮೊದಲು ಜೂಮ್ ಮಾಡಿ. ಎಷ್ಟು ಜೂಮ್ ಮಾಡಿದರೂ ಗೆರೆ ಅಷ್ಟೇ ತೆಳ್ಳಗಿದ್ದರೆ ಅದು ಪರದೆಯ ಆಟ, ಸಾಮಾನ್ಯವಾಗಿ ಪ್ರಿಂಟ್‌ಗೆ ಬರುವುದಿಲ್ಲ.

ಲಕ್ಷಣ: ಫೈಲ್ ತೆರೆಯುತ್ತಿಲ್ಲ, ತಲುಪುತ್ತಲೇ ಇಲ್ಲ

ಎರಡೂ ಕಡೆ ಫೈಲಿನ ಗಾತ್ರ ನೋಡಿ. ನಿಮ್ಮಲ್ಲಿ 80 ಎಂಬಿ, ಅಂಗಡಿಯಲ್ಲಿ 31 ಎಂಬಿ ಅಂದರೆ ಅರ್ಧಕ್ಕೆ ಕಡಿದಿದೆ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಇದು ಹೊಸದಲ್ಲ. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೂ ಫೈಲ್ ಹೀಗೇ ಆಗುತ್ತದೆ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಕೆಲಸ ಬೇಡ.

ಗಾತ್ರ ಸರಿ ಇದ್ದೂ ತೆರೆಯದಿದ್ದರೆ ಅಂಗಡಿಯ ಕೋರಲ್ ನಿಮ್ಮದಕ್ಕಿಂತ ಹಳೆಯದು. ಸೇವ್ ಮಾಡುವಾಗ ಹಳೆಯ ವರ್ಷನ್ ಆರಿಸಿ.

ಫೈಲ್ ವಿಪರೀತ ಭಾರ ಇದ್ದರೆ ಯಾರೋ 300 ಡಿಪಿಐ ಇಟ್ಟಿರುತ್ತಾರೆ. 10x8 ಅಡಿ 300ರಲ್ಲಿ 36,000x28,800 ಪಿಕ್ಸೆಲ್. ಸಾಮಾನ್ಯ ಪಿಎಸ್‌ಡಿ ಒಂದು ಬದಿಗೆ 30,000 ದಾಟಲ್ಲ, ಸೇವ್ ಆಗುವುದೇ ಇಲ್ಲ. 72ರಲ್ಲಿ ಅದೇ ಡಿಸೈನ್ 8640x6912. ಜೆಪೆಗ್ ಮಾಡಿದರೆ ಸಾಧಾರಣ ಮೊಬೈಲ್ ನೆಟ್‌ನಲ್ಲೇ ಹೋಗುತ್ತದೆ.

ಲಕ್ಷಣ: ಅಡ್ಡ ಪಟ್ಟೆ ಪಟ್ಟೆ

ಇದು ಫೈಲಿನದೋ ಮಿಷಿನ್‌ದೋ ಅಂತ ಒಂದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಅದೇ ಡಿಸೈನ್‌ನ ಒಂದು ಅಡಿ ತುಂಡನ್ನು 90 ಡಿಗ್ರಿ ತಿರುಗಿಸಿ ಪ್ರಿಂಟ್ ಮಾಡಿಸಿ. ಪಟ್ಟೆ ಚಿತ್ರದ ಜೊತೆ ತಿರುಗಿದರೆ ದೋಷ ಫೈಲಿನಲ್ಲಿ. ಆಕಾಶದಂಥ ಗ್ರೇಡಿಯೆಂಟ್ (ಬಣ್ಣ ಮೆಲ್ಲಗೆ ಬದಲಾಗುವ ಭಾಗ) ಮೆಟ್ಟಿಲು ಮೆಟ್ಟಿಲಾಗಿದೆ, ಅದಕ್ಕೆ ಎರಡು ಮೂರು ಶೇಕಡ ನಾಯ್ಸ್ ಸೇರಿಸಿ. ಚಿತ್ರ ತಿರುಗಿದರೂ ಪಟ್ಟೆ ಹೆಡ್ (ಶಾಯಿ ಚಿಮ್ಮುವ ಭಾಗ) ಓಡುವ ದಿಕ್ಕಿನಲ್ಲೇ ಉಳಿದರೆ ಮಿಷಿನ್‌ದು. ನಾಜಲ್ (ಹೆಡ್ಡಿನಲ್ಲಿ ಶಾಯಿ ಬರುವ ತೂತು) ಕಟ್ಟಿದೆ ಅಥವಾ ಫೀಡ್ ತಪ್ಪಿದೆ.

ಆಮೇಲೆ ಅಂಗಡಿಯವರು ನಾಜಲ್ ಚೆಕ್ ತೆಗೆಯುತ್ತಾರೆ. ಗೆರೆ ಬಿಟ್ಟುಹೋಗಿದ್ದರೆ ಕ್ಲೀನಿಂಗ್ ಓಡಿಸುತ್ತಾರೆ. ಎರಡು ಸಲ ಆದ ಮೇಲೂ ಗೆರೆ ಬರದಿದ್ದರೆ ನಿಲ್ಲಿಸಿ ಇಂಜಿನಿಯರ್ ಕರೆಸುವುದು ಒಳ್ಳೆಯದು. ಹೆಡ್ ದುಬಾರಿ ಸಾಮಾನು, ಬಟ್ಟೆ ಪಿನ್ನು ಹಾಕಿ ಕೆದಕುವಂಥದ್ದಲ್ಲ. ಗಿರಾಕಿಗಳು ಮಿಷಿನ್ ಮುಚ್ಚಳದೊಳಗೆ ಕೈ ಹಾಕಬೇಡಿ. ಒಳಗೆ ಹೀಟರ್ ಬಿಸಿ ಇರುತ್ತದೆ, ಹೆಡ್ ಗಾಡಿ ಹೇಳದೆ ಓಡುತ್ತದೆ.

ಲಕ್ಷಣ: ಶಾಯಿ ಕೈಗೆ ಅಂಟುತ್ತಿದೆ, ಸುತ್ತಿದ್ದು ಅಂಟಿಕೊಂಡಿದೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ದೂರು ಜಾಸ್ತಿ. ಗಾಳಿಯೇ ಒದ್ದೆ, ಶಾಯಿ ಆರುವುದು ನಿಧಾನ. ಅದರ ಮೇಲೆ ಫೈಲಿನಲ್ಲಿ ನಾಲ್ಕೂ ಬಣ್ಣ 100 ಇಟ್ಟ ಕಪ್ಪು ಇದ್ದರೆ ಒಟ್ಟು 400 ಶೇಕಡ ಶಾಯಿ ಒಂದೇ ಕಡೆ ಬೀಳುತ್ತದೆ. ಕೋರಲ್‌ನಲ್ಲಿ ರಿಜಿಸ್ಟ್ರೇಷನ್ ಕಪ್ಪು ಆರಿಸಿದರೆ ಆಗುವುದು ಇದೇ. ಮೇಲೆ ಹೇಳಿದ ಕಪ್ಪು ಒಟ್ಟು 240, ಅಷ್ಟು ಸಾಕು.

ಬೇಗ ಆರಲಿ ಅಂತ ಒಲೆ ಹತ್ತಿರ, ಅಗ್ಗಿಷ್ಟಿಕೆ ಹತ್ತಿರ ಹಿಡಿಯಬೇಡಿ. ಸೋಲ್ವೆಂಟ್ ಶಾಯಿ ಬೆಂಕಿ ಹತ್ತುವಂಥದ್ದು. ಮಳೆ ಅಂತ ಕಿಟಕಿ ಎಲ್ಲಾ ಮುಚ್ಚಿ ಆ ವಾಸನೆಯಲ್ಲಿ ಕೂರುವುದೂ ಬೇಡ. ತಲೆ ಸುತ್ತಿದರೆ, ಕಣ್ಣು ಉರಿದರೆ ಹೊರಗೆ ಬನ್ನಿ.

ಪ್ರಿಂಟ್‌ಗೂ ಮೊದಲು, ಕಟ್ಟುವಾಗಲೂ

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್ ಕೂಡ ಇವೆ. ಹಾಗಾಗಿ ಡಿಸೈನ್ ಶುರು ಮಾಡುವ ಮೊದಲೇ ಪಂಚಾಯಿತಿ ಅಥವಾ ನಗರಸಭೆಯಲ್ಲಿ ಕೇಳಿ. ಬಟ್ಟೆಗೆ ಹೋಗುವುದಾದರೆ ಫೈಲ್ ಸ್ವಲ್ಪ ಬದಲಾಗಬೇಕು. ಬಟ್ಟೆಯಲ್ಲಿ ಶಾಯಿ ಹರಡುತ್ತದೆ, ತೆಳು ಗೆರೆ, ಸಣ್ಣ ಬಿಳಿ ಅಕ್ಷರ ಮುಚ್ಚಿಹೋಗುತ್ತವೆ. ದಪ್ಪ ಫಾಂಟ್ ಹಾಕಿ, ಒತ್ತಕ್ಷರಕ್ಕೆ ಜಾಗ ಸಿಗುವಂತೆ ಸಾಲುಗಳ ನಡುವೆ ಅಂತರ ಕೊಡಿ.

ಕಟ್ಟುವ ಜಾಗದ ಮೇಲೆ ತಂತಿ ಹಾದುಹೋಗಿದೆಯಾ ಅಂತ ಮೊದಲು ತಲೆ ಎತ್ತಿ ನೋಡಿ. ಮಳೆಯಲ್ಲಿ, ಗಾಳಿಯಲ್ಲಿ ಏಣಿ ಹತ್ತಬೇಡಿ. ಕರೆಂಟ್ ಕಂಬಕ್ಕೆ ಕಟ್ಟಲೇಬೇಡಿ. ಬ್ಯಾನರ್ ಹಾರಿ ತಂತಿಗೆ ಸಿಕ್ಕಿಕೊಂಡರೆ ಕೋಲಿನಿಂದ ಎಳೆಯಲು ಹೋಗಬೇಡಿ, ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಜನರನ್ನು ದೂರ ನಿಲ್ಲಿಸಿ, ಲೈನ್‌ಮನ್‌ಗೆ ಅಥವಾ 1912ಕ್ಕೆ ಫೋನ್ ಮಾಡಿ. ಅವರು ಲೈನ್ ಆಫ್ ಮಾಡಿ ಬಂದು ತೆಗೆಯುವ ತನಕ ಬ್ಯಾನರ್ ಅಲ್ಲೇ ಇರಲಿ.